ಮುಟ್ಟಿದಾಗ ಏನಾಗುತ್ತದೆ? ವಸ್ತುಗಳಿಗೆ ಕೈ ತಾಗಿಸುವ ಮೊದಲು ಮತ್ತು ನಂತರ ತಿಳಿದಿರಬೇಕಾದದ್ದು

ಒಂದು ವಸ್ತುವಿಗೆ ಬೆರಳು ತಾಗಿದೊಡನೆ ಅದು ತಣ್ಣಗಿದೆ, ಒದ್ದೆಯಾಗಿದೆ, ಜಾರುತ್ತದೆ ಎಂದು ನಾವು ಹೇಳಿಬಿಡುತ್ತೇವೆ. ಆದರೆ ಬೆರಳು ತಿಳಿಸುವುದು ಆ ವಸ್ತುವಿನ ಗುಣವನ್ನಷ್ಟೇ ಅಲ್ಲ. ಚರ್ಮಕ್ಕೂ ಅದಕ್ಕೂ ನಡುವೆ ಆ ಕ್ಷಣದಲ್ಲಿ ನಡೆದ ಶಾಖದ, ಒತ್ತಡದ, ತೇವದ, ಕೆಲವೊಮ್ಮೆ ರಾಸಾಯನಿಕಗಳ ಕೊಡುಕೊಳ್ಳುವಿಕೆಯನ್ನು. ಕೆಲವು ವಸ್ತುಗಳ ವಿಷಯದಲ್ಲಿ ಈ ಸುದ್ದಿ ತಕ್ಷಣ ಬರುತ್ತದೆ, ಕೆಲವುಗಳದ್ದು ಮರುದಿನ ಬರುತ್ತದೆ, ಇನ್ನು ಕೆಲವುಗಳದ್ದು ಬರುವುದೇ ಇಲ್ಲ. ಚುರುಕ್ಕೆನ್ನಿಸುವ ವಸ್ತು ಕೈಯನ್ನು ತಾನೇ ಹಿಂದಕ್ಕೆ ಎಳೆಸುತ್ತದೆ. ಮುಟ್ಟಿದಾಗ ಏನೂ ಅನ್ನಿಸದ ವಸ್ತುವಿನ ವಿಷಯದಲ್ಲಿಯೇ ಹೆಚ್ಚು ಎಚ್ಚರ ಬೇಕು. ಕೆಳಗಿನ ಹಂತಗಳನ್ನು ಈ ಒಂದು ಮಾತನ್ನು ಮುಂದಿಟ್ಟುಕೊಂಡು ಬರೆಯಲಾಗಿದೆ.

ಮೊದಲ ಹಂತ: ಬೆರಳಿನ ಶಕ್ತಿಯನ್ನೂ ಮಿತಿಯನ್ನೂ ಅರಿಯಿರಿ

ಸ್ಪರ್ಶದ ಸೂಕ್ಷ್ಮತೆಯಲ್ಲಿ ಬೆರಳ ತುದಿಗೆ ಸರಿಸಾಟಿಯಾದ ಭಾಗಗಳು ದೇಹದಲ್ಲಿ ಕಡಿಮೆ. ಎರಡು ಮೊನೆಗಳನ್ನು ಸುಮಾರು 2 ಮಿಲಿಮೀಟರ್ ಅಂತರದಲ್ಲಿಟ್ಟು ತಾಗಿಸಿದರೂ ಬೆರಳ ತುದಿಗೆ ಅವು ಎರಡೆಂದು ತಿಳಿಯುತ್ತದೆ. ಬೆನ್ನಿಗೆ ಅದೇ ವ್ಯತ್ಯಾಸ ತಿಳಿಯಬೇಕಾದರೆ ಮೊನೆಗಳ ನಡುವೆ ಸುಮಾರು 40 ಮಿಲಿಮೀಟರ್ ಬೇಕಾಗುತ್ತದೆ. ಸ್ವೀಡನ್ನಿನ ಸಂಶೋಧಕರು 2013ರಲ್ಲಿ ಪ್ರಕಟಿಸಿದ ಪ್ರಯೋಗವೊಂದರಲ್ಲಿ, ಕೇವಲ ಹತ್ತಾರು ನ್ಯಾನೋಮೀಟರ್ ಎತ್ತರದ ಸುಕ್ಕುಗಳಿದ್ದ ಮೇಲ್ಮೈಯನ್ನೂ ನುಣುಪಾದ ಮೇಲ್ಮೈಯನ್ನೂ ಜನರು ಬೆರಳಾಡಿಸಿಯೇ ಬೇರ್ಪಡಿಸಿದ್ದರು. ಬೆರಳನ್ನು ಸುಮ್ಮನೆ ಇಟ್ಟರೆ ಇಂತಹ ನವಿರು ತಿಳಿಯುವುದಿಲ್ಲ; ಮೆಲ್ಲನೆ ಸರಿಸಿದಾಗ ಹುಟ್ಟುವ ಕಂಪನವನ್ನು ಚರ್ಮದೊಳಗಿನ ನರತುದಿಗಳು ಹಿಡಿಯುತ್ತವೆ. ಆದುದರಿಂದ ಮರವನ್ನೋ ಬಣ್ಣ ಬಳಿದ ಗೋಡೆಯನ್ನೋ ಉಜ್ಜಿ ನುಣುಪುಗೊಳಿಸಿದ ಮೇಲೆ ಪರೀಕ್ಷಿಸುವಾಗ, ಒತ್ತಿ ನೋಡುವುದರ ಬದಲು ಹಗುರವಾಗಿ ಬೆರಳು ಸರಿಸಿ ನೋಡಬೇಕು.

ಇಷ್ಟು ಸೂಕ್ಷ್ಮವಾದ ಅಂಗಕ್ಕೆ ಒದ್ದೆತನವನ್ನು ಅರಿಯುವ ಪ್ರತ್ಯೇಕ ನರತುದಿಗಳೇ ಇಲ್ಲ. ತಂಪು ಮತ್ತು ಒತ್ತಡ ಎರಡೂ ಒಟ್ಟಿಗೆ ಬಂದಾಗ ಮಿದುಳು ಅದನ್ನು ಒದ್ದೆಯೆಂದು ಊಹಿಸುತ್ತದೆ. ತಂಪು ಹೊತ್ತಿನಲ್ಲಿ ಹಗ್ಗದ ಮೇಲಿಂದ ತೆಗೆದ ಬಟ್ಟೆ ಒಣಗಿದ್ದರೂ ಹಸಿಯಾಗಿರುವಂತೆ ತೋರುವುದು ಈ ಕಾರಣದಿಂದಲೇ. ಸಂದೇಹವಿದ್ದರೆ ಬಟ್ಟೆಯನ್ನು ಸ್ವಲ್ಪ ಹೊತ್ತು ಕೋಣೆಯೊಳಗೆ ಹರಡಿಟ್ಟು, ಅದು ಕೋಣೆಯಷ್ಟೇ ಬೆಚ್ಚಗಾದ ಮೇಲೆ ಮುಟ್ಟಬೇಕು, ಇಲ್ಲವೇ ಒಣ ಕಾಗದವನ್ನು ಅದರ ಮೇಲೆ ಒತ್ತಿ ನೋಡಬೇಕು. ಇದರ ಇನ್ನೊಂದು ಮುಖ ಅಷ್ಟು ನಿರುಪದ್ರವಿಯಲ್ಲ: ಚರ್ಮದಷ್ಟೇ ಬೆಚ್ಚಗಿರುವ ದ್ರವವೊಂದು ಕೈಗವಸಿನ ಒಳಗೆ ಸೇರಿಕೊಂಡರೆ ಅದು ಇರುವುದೇ ನಮ್ಮ ಗಮನಕ್ಕೆ ಬಾರದೆ ಹೋಗಬಹುದು. ಈ ಮಾತಿಗೆ ಮುಂದೆ ಬರೋಣ.

ಎರಡನೆಯ ಹಂತ: ಬಿಸಿ ಮತ್ತು ತಂಪನ್ನು ನಂಬುವ ಮೊದಲು ಒಮ್ಮೆ ಪರೀಕ್ಷಿಸಿ

ಒಂದು ಅಲ್ಯೂಮಿನಿಯಂ ತಟ್ಟೆಯನ್ನೂ ಒಂದು ಮರದ ಹಲಗೆಯನ್ನೂ ರಾತ್ರಿಯಿಡೀ ಒಂದೇ ಮೇಜಿನ ಮೇಲೆ ಬಿಡಿ. ಬೆಳಗ್ಗೆ ಎರಡರ ಮೇಲೂ ಅಂಗೈಯಿಟ್ಟರೆ ತಟ್ಟೆ ತಣ್ಣಗೂ ಹಲಗೆ ಬೆಚ್ಚಗೂ ಇರುವಂತೆ ತೋರುತ್ತದೆ. ಈಗ ಒಂದೇ ಗಾತ್ರದ ಎರಡು ಮಂಜುಗಡ್ಡೆ ತುಂಡುಗಳನ್ನು ಒಂದೊಂದರ ಮೇಲೆ ಒಂದೊಂದರಂತೆ ಇಡಿ. ತಣ್ಣಗೆ ತೋರಿದ ತಟ್ಟೆಯ ಮೇಲಿನ ತುಂಡಿನ ಸುತ್ತ ಬೇಗನೆ ನೀರು ಹರಡಿ ಅದು ಜಾರತೊಡಗುತ್ತದೆ. ಬೆಚ್ಚಗೆ ತೋರಿದ ಹಲಗೆಯ ಮೇಲಿನದು ಬಹಳ ಹೊತ್ತು ಅಂಚು ಕರಗದೆ ಕುಳಿತಿರುತ್ತದೆ. ಎರಡರ ಉಷ್ಣತೆಯೂ ಒಂದೇ. ಅಲ್ಯೂಮಿನಿಯಂ ಶಾಖವನ್ನು ಮರಕ್ಕಿಂತ ಸಾವಿರ ಪಟ್ಟಿಗೂ ಹೆಚ್ಚು ಸರಾಗವಾಗಿ ಸಾಗಿಸುವುದರಿಂದ ಅದು ಕೈಯಿಂದ ಶಾಖವನ್ನು ಸೆಳೆದುಕೊಂಡಿತು, ಮಂಜುಗಡ್ಡೆಗೆ ಶಾಖವನ್ನು ಕೊಟ್ಟಿತು.

ಇದು ಬರಿಯ ಕುತೂಹಲದ ಸಂಗತಿಯಲ್ಲ. ಚರ್ಮದ ಮೇಲ್ಮೈ ಸಾಮಾನ್ಯವಾಗಿ 33 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿರುತ್ತದೆ. 60 ಡಿಗ್ರಿಯಷ್ಟು ಕಾದ ಮರವನ್ನು ಮುಟ್ಟಿದರೆ, ಚರ್ಮ ಮತ್ತು ಮರ ಸೇರುವ ಜಾಗದ ಉಷ್ಣತೆ 40 ಡಿಗ್ರಿಯ ಹತ್ತಿರ ನಿಲ್ಲುತ್ತದೆ. ಅಷ್ಟೇ ಕಾದ ಅಲ್ಯೂಮಿನಿಯಂ ಮುಟ್ಟಿದರೆ ಅದು 59ರ ಸಮೀಪಕ್ಕೆ ಏರುತ್ತದೆ. ಸುಮಾರು 43 ಡಿಗ್ರಿಯಿಂದ ಮೇಲೆ ಬಿಸಿ ನೋವಾಗಿ ಬದಲಾಗುತ್ತದೆ. ಸುಡುವಿಕೆ ಉಷ್ಣತೆಯನ್ನು ಮಾತ್ರವಲ್ಲದೆ ಸಮಯವನ್ನೂ ಅವಲಂಬಿಸಿದೆ: ಚರ್ಮ 60 ಡಿಗ್ರಿಗೆ ಏರಿದರೆ ಕೆಲವೇ ಸೆಕೆಂಡುಗಳಲ್ಲಿ ಸುಡುತ್ತದೆ, 44 ಡಿಗ್ರಿಯಲ್ಲಿ ಅದಕ್ಕೆ ಗಂಟೆಗಟ್ಟಲೆ ಹಿಡಿಯುತ್ತದೆ, ಆದರೆ ಸುಡುವುದು ನಿಶ್ಚಿತ. ನಿದ್ದೆಯಲ್ಲಿ ಬಿಸಿನೀರಿನ ಚೀಲವನ್ನು ಒಂದೇ ಕಡೆ ಒತ್ತಿಕೊಂಡು ಮಲಗಿದವರಿಗೆ, ಅದರಲ್ಲೂ ಮಧುಮೇಹದಿಂದ ಕಾಲಿನ ಸ್ಪರ್ಶಜ್ಞಾನ ಕುಗ್ಗಿದವರಿಗೆ, ಬೊಬ್ಬೆ ಏಳುವುದು ಹೀಗೆ.

ಕಾದಿದೆಯೋ ಇಲ್ಲವೋ ಎಂದು ಗೊತ್ತಿಲ್ಲದ ವಸ್ತುವನ್ನು ನೋಡಿ ನಿರ್ಧರಿಸಬೇಡಿ. ಕಬ್ಬಿಣ ಮಂಕಾಗಿ ಕೆಂಪಗೆ ಹೊಳೆಯಬೇಕಾದರೆ 500 ಡಿಗ್ರಿಯನ್ನು ದಾಟಬೇಕು. ಅದಕ್ಕಿಂತ ಕೆಳಗೆ 400 ಡಿಗ್ರಿಯ ಕಬ್ಬಿಣವೂ ತಣ್ಣನೆಯ ಕಬ್ಬಿಣವೂ ಕಣ್ಣಿಗೆ ಒಂದೇ. ಕಾದ ಗಾಜಂತೂ ಇನ್ನೂ ಮೋಸದ್ದು. ಮೊದಲು ಹಿಂಗೈಯನ್ನು ವಸ್ತುವಿನಿಂದ ಒಂದು ಗೇಣು ದೂರದಲ್ಲಿ ಹಿಡಿದು ಮೆಲ್ಲನೆ ಹತ್ತಿರ ತನ್ನಿ. ಹಿಂಗೈಯ ಚರ್ಮ ತೆಳ್ಳಗಿರುವುದರಿಂದ ಬಿಸಿ ಬೇಗ ತಿಳಿಯುತ್ತದೆ, ಸುಟ್ಟರೂ ಹಿಡಿಯುವ ಬೆರಳುಗಳು ಉಳಿಯುತ್ತವೆ. ಲೋಹವಾದರೆ ಒಂದು ಹನಿ ನೀರನ್ನು ಚಿಮುಕಿಸಿ. ಹನಿ ಚುಂಯ್ ಎಂದು ಆವಿಯಾದರೆ ಲೋಹ 100 ಡಿಗ್ರಿಯ ಮೇಲಿದೆ. ಹನಿ ಆವಿಯಾಗದೆ ಗುಂಡಗಾಗಿ ಓಡಾಡಿದರೆ ಅದು ತಣ್ಣಗಿದೆಯೆಂದು ತಿಳಿಯಬಾರದು, ಸುಮಾರು 200 ಡಿಗ್ರಿಯನ್ನೇ ಮುಟ್ಟಿದೆ ಎಂದರ್ಥ. ಹನಿಯ ಕೆಳಗೆ ಹುಟ್ಟಿದ ಆವಿಯ ಪದರವೇ ಅದನ್ನು ಎತ್ತಿಹಿಡಿದಿರುತ್ತದೆ. ಜರ್ಮನಿಯ ವೈದ್ಯ ಲೈಡನ್‌ಫ್ರಾಸ್ಟ್ 1756ರಲ್ಲಿಯೇ ಇದನ್ನು ವಿವರಿಸಿದ್ದರು. ಗಾಜಿಗೆ ಈ ನೀರಿನ ಪರೀಕ್ಷೆ ಬೇಡ, ಸೀಳಿ ಸಿಡಿಯಬಹುದು.

ಸುಟ್ಟೇ ಹೋದರೆ, ತಂಪಾದ ಹರಿಯುವ ನೀರಿನಡಿ ಆ ಭಾಗವನ್ನು 20 ನಿಮಿಷ ಹಿಡಿಯಬೇಕು. ಎರಡು ನಿಮಿಷ ಹಿಡಿದು ಉರಿ ತಗ್ಗಿತೆಂದು ಕೈ ತೆಗೆಯುವವರೇ ಹೆಚ್ಚು. ಒಳಪದರಗಳಲ್ಲಿ ಉಳಿದ ಶಾಖ ಅಷ್ಟು ಬೇಗ ಇಳಿಯುವುದಿಲ್ಲ. ಊತ ಬರುವ ಮೊದಲೇ ಉಂಗುರ, ಬಳೆ, ಗಡಿಯಾರಗಳನ್ನು ಕಳಚಿಡಿ. ಮಂಜುಗಡ್ಡೆ, ಟೂತ್‌ಪೇಸ್ಟ್, ಬೆಣ್ಣೆ, ಶಾಯಿ ಇವುಗಳಲ್ಲಿ ಯಾವುದನ್ನೂ ಹಚ್ಚಬಾರದು, ಬೊಬ್ಬೆಯನ್ನು ಒಡೆಯಬಾರದು. ಗಾಯ ಅಂಗೈಗಿಂತ ದೊಡ್ಡದಾಗಿದ್ದರೆ, ಮುಖದ ಮೇಲೋ ಕೀಲುಗಳ ಮೇಲೋ ಇದ್ದರೆ, ಅಥವಾ ಬಿಳಿಚಿಕೊಂಡು ನೋವೇ ಇಲ್ಲದಿದ್ದರೆ ವೈದ್ಯರಲ್ಲಿಗೆ ಹೋಗಬೇಕು. ನೋವಿಲ್ಲದ ಸುಟ್ಟಗಾಯದಲ್ಲಿ ನರತುದಿಗಳೂ ಸುಟ್ಟುಹೋಗಿರುತ್ತವೆ.

ಬಿಸಿಯೇ ಇಲ್ಲದ ಉರಿಯೂ ಒಂದುಂಟು. ಮೆಣಸಿನಕಾಯಿಯ ಖಾರದಲ್ಲಿರುವ ಕ್ಯಾಪ್ಸೈಸಿನ್, ಬಿಸಿಯನ್ನು ಅರಿಯುವ ಅದೇ ನರದ ಬಾಗಿಲನ್ನು ತೆರೆಯುತ್ತದೆ. ಮೆಂಥಾಲ್ ತಂಪಿನ ಬಾಗಿಲನ್ನು ತೆರೆಯುತ್ತದೆ. ಈ ಬಾಗಿಲುಗಳನ್ನು ಗುರುತಿಸಿದ್ದಕ್ಕಾಗಿ ಡೇವಿಡ್ ಜೂಲಿಯಸ್ ಅವರಿಗೆ, ಸ್ಪರ್ಶದ ಒತ್ತಡವನ್ನು ಅರಿಯುವ ಬಾಗಿಲುಗಳನ್ನೂ ಕಂಡುಕೊಂಡ ಆರ್ಡೆಮ್ ಪಟಪೂಟಿಯನ್ ಅವರೊಂದಿಗೆ, 2021ರ ವೈದ್ಯಕೀಯ ನೊಬೆಲ್ ಸಂದಿತು. ಕ್ಯಾಪ್ಸೈಸಿನ್ ನೀರಿನಲ್ಲಿ ಕರಗದು, ಜಿಡ್ಡಿನಲ್ಲಿ ಕರಗುತ್ತದೆ. ಆದುದರಿಂದ ಕೈಗೆ ಮೊದಲು ಎಣ್ಣೆ ಸವರಿ ಒರೆಸಿ, ಆಮೇಲೆ ಸಾಬೂನಿನಿಂದ ತೊಳೆಯಬೇಕು. ಅಲ್ಲಿಯವರೆಗೆ ಕಣ್ಣಿನ ಕಡೆಗೆ ಕೈ ಹೋಗಕೂಡದು.

ಮೂರನೆಯ ಹಂತ: ಅತಿಯಾಗಿ ತಣ್ಣಗಿರುವುದನ್ನು ಹಿಡಿಯಬೇಡಿ

ಹಿಮಬಿಂದುವಿಗಿಂತ ಬಹಳ ಕೆಳಗಿನ ಲೋಹಕ್ಕೆ ಒದ್ದೆ ಕೈ ತಾಗಿದರೆ ಚರ್ಮದ ಮೇಲಿನ ತೇವ ಕ್ಷಣಮಾತ್ರದಲ್ಲಿ ಹೆಪ್ಪುಗಟ್ಟಿ ಕೈ ಅಂಟಿಕೊಳ್ಳುತ್ತದೆ. ಎಳೆದರೆ ಚರ್ಮ ಕಿತ್ತು ಬರುತ್ತದೆ. ಉಗುರುಬೆಚ್ಚಗಿನ ನೀರು ಸುರಿದು ಬಿಡಿಸಬೇಕು. ಡ್ರೈ ಐಸ್ ಎಂದು ಕರೆಯುವ ಘನ ಇಂಗಾಲದ ಡೈಆಕ್ಸೈಡ್ ಮೈನಸ್ 78.5 ಡಿಗ್ರಿಯಲ್ಲಿರುತ್ತದೆ. ಬೆರಳು ಸುಮ್ಮನೆ ತಾಗಿ ಸರಿದರೆ ಅದರಿಂದ ಹೊಮ್ಮುವ ಅನಿಲ ಅಷ್ಟಿಷ್ಟು ಕಾಪಾಡುತ್ತದೆ. ಬಿಗಿಯಾಗಿ ಹಿಡಿದರೆ ಕೆಲವೇ ಸೆಕೆಂಡುಗಳಲ್ಲಿ ಚರ್ಮ ಬೆಳ್ಳಗಾಗಿ ಮರಗಟ್ಟುತ್ತದೆ. ಮೈನಸ್ 196 ಡಿಗ್ರಿಯ ದ್ರವ ಸಾರಜನಕದ ಹನಿಯೂ ಬರಿಗೈ ಮೇಲಿಂದ ಉರುಳಿಹೋಗುವುದುಂಟು, ಕಾದ ಲೋಹದ ಮೇಲೆ ನೀರಿನ ಹನಿ ಉರುಳಿದ ಅದೇ ಕಾರಣಕ್ಕಾಗಿ. ಆದರೆ ಅದೇ ದ್ರವ ಹತ್ತಿಯ ಕೈಗವಸನ್ನೋ ತೋಳಿನ ಬಟ್ಟೆಯನ್ನೋ ನೆನೆಸಿದರೆ ಚರ್ಮಕ್ಕೆ ಅಂಟಿಕೊಂಡೇ ಉಳಿಯುತ್ತದೆ. ರಕ್ಷಣೆಯೆಂದು ತೊಟ್ಟ ಬಟ್ಟೆಯೇ ಇಲ್ಲಿ ಅಪಾಯಕ್ಕೆ ಕಾರಣ. ಮರಗಟ್ಟಿದ ಭಾಗವನ್ನು ಉಜ್ಜದೆ, ಬೆಂಕಿಗೆ ಹಿಡಿಯದೆ, 37ರಿಂದ 39 ಡಿಗ್ರಿಯ ನೀರಿನಲ್ಲಿ ಮುಳುಗಿಸಿಟ್ಟು ಚಿಕಿತ್ಸೆ ಪಡೆಯಬೇಕು.

ನಾಲ್ಕನೆಯ ಹಂತ: ಜಾರುವ ದ್ರವವನ್ನು ಸಂಶಯದಿಂದ ನೋಡಿ

ನನ್ನ ಅಭಿಪ್ರಾಯದಲ್ಲಿ ಇಡೀ ಲೇಖನದಲ್ಲಿ ನೆನಪಿಡಬೇಕಾದ ಹಂತ ಇದು. ಆಮ್ಲವೆಂದರೆ ಎಲ್ಲರಿಗೂ ಹೆದರಿಕೆ, ಕ್ಷಾರವೆಂದರೆ ಅಷ್ಟಿಲ್ಲ. ಪ್ರಬಲ ಆಮ್ಲ ಚರ್ಮಕ್ಕೆ ತಾಗಿದಾಗ ಸಾಮಾನ್ಯವಾಗಿ ತಕ್ಷಣ ಉರಿಯುತ್ತದೆ, ಚರ್ಮದ ಪ್ರೋಟೀನು ಹೆಪ್ಪುಗಟ್ಟಿ ಒಂದು ಹೊಪ್ಪಳೆಯಾಗುತ್ತದೆ, ಆ ಹೊಪ್ಪಳೆ ಆಮ್ಲ ಮತ್ತೂ ಒಳಗಿಳಿಯುವುದನ್ನು ಸ್ವಲ್ಪಮಟ್ಟಿಗೆ ತಡೆಯುತ್ತದೆ. ಕ್ಷಾರ ಹಾಗಲ್ಲ. ಅದು ಚರ್ಮದ ಕೊಬ್ಬನ್ನು ಸಾಬೂನಾಗಿಸಿ, ಪ್ರೋಟೀನನ್ನು ಕರಗಿಸುತ್ತಾ ಒಳಗೆ ಇಳಿಯುತ್ತಲೇ ಹೋಗುತ್ತದೆ, ಆರಂಭದಲ್ಲಿ ನೋವು ಕಡಿಮೆ. ಬ್ಲೀಚ್ ದ್ರಾವಣವನ್ನೋ ಕೊಳವೆ ಕಟ್ಟಿದಾಗ ಸುರಿಯುವ ಕಾಸ್ಟಿಕ್ ಸೋಡಾವನ್ನೋ ಮುಟ್ಟಿದಾಗ ಬೆರಳುಗಳ ನಡುವೆ ಲೋಳೆಯಂತೆ ಜಾರುತ್ತದಲ್ಲ, ಆ ಜಾರುವಿಕೆಯಲ್ಲಿ ನಮ್ಮದೇ ಚರ್ಮದಿಂದ ಆಗತಾನೇ ತಯಾರಾದ ಸಾಬೂನೂ ಸೇರಿರುತ್ತದೆ.

ಹಸಿ ಸಿಮೆಂಟು ಇದಕ್ಕೆ ತಕ್ಕ ಉದಾಹರಣೆ. ಆಮ್ಲ-ಕ್ಷಾರಗಳನ್ನು ಅಳೆಯುವ ಪಿಎಚ್ ಮಾನದಲ್ಲಿ 7 ತಟಸ್ಥ, ಅದಕ್ಕಿಂತ ಮೇಲಿನದು ಕ್ಷಾರ. ಹಸಿ ಸಿಮೆಂಟಿನ ಪಿಎಚ್ 12ನ್ನು ದಾಟಿರುತ್ತದೆ, ಆರೋಗ್ಯವಂತ ಚರ್ಮದ್ದು 5ರ ಆಸುಪಾಸು. ಸಿಮೆಂಟಿನ ಮೇಲೆ ಮೊಣಕಾಲೂರಿ ಕೆಲಸ ಮಾಡಿದಾಗ ಪ್ಯಾಂಟಿನ ಬಟ್ಟೆ ಅದರ ನೀರನ್ನು ಹೀರಿ ಚರ್ಮಕ್ಕೆ ಒತ್ತಿಹಿಡಿಯುತ್ತದೆ. ಆಗ ಅನ್ನಿಸುವುದು ಒದ್ದೆಯಾದದ್ದಷ್ಟೇ. ಸಂಜೆ ಬಟ್ಟೆ ಬದಲಿಸುವಾಗ ಮೊಣಕಾಲು ಕೆಂಪಾಗಿರುತ್ತದೆ, ಮರುದಿನದ ಹೊತ್ತಿಗೆ ಅಲ್ಲಿ ಆಳವಾದ ಹುಣ್ಣು ಕಾಣಿಸಿಕೊಳ್ಳಬಹುದು. ಆದುದರಿಂದ ಸಿಮೆಂಟಿನಿಂದ ನೆನೆದ ಬಟ್ಟೆಯನ್ನಾಗಲಿ ಬೂಟನ್ನಾಗಲಿ ನೋವಿಗಾಗಿ ಕಾಯದೆ ಕಳಚಿ, ಚರ್ಮವನ್ನು ಧಾರಾಳ ನೀರಿನಿಂದ ತೊಳೆಯಬೇಕು.

ತೊಳೆಯುವ ಕ್ರಮ ಹೀಗಿದೆ. ಸುಟ್ಟ ಸುಣ್ಣದಂತಹ ಒಣ ಪುಡಿಯಾದರೆ ಮೊದಲು ಒಣಗಿದ್ದಾಗಲೇ ಕೊಡವಿ ತೆಗೆಯಬೇಕು, ಏಕೆಂದರೆ ಅದಕ್ಕೆ ನೀರು ಸೋಕಿದೊಡನೆ ಕಾಯುತ್ತದೆ. ಆಮೇಲೆ ಹರಿಯುವ ನೀರು. ದ್ರವವಾದರೆ ನೇರವಾಗಿ ನೀರಿನಡಿ ಹಿಡಿದು, ಜಾರುವಿಕೆ ಹೋದ ಮೇಲೂ ಕನಿಷ್ಠ 20 ನಿಮಿಷ ತೊಳೆಯಬೇಕು. ಕಣ್ಣಿಗೆ ತಾಗಿದ್ದರೆ ರೆಪ್ಪೆ ಬಿಡಿಸಿ ಹಿಡಿದು ಇನ್ನೂ ಹೆಚ್ಚು ಹೊತ್ತು ತೊಳೆಯುತ್ತಾ ಆಸ್ಪತ್ರೆಗೆ ಹೋಗಬೇಕು. ಆಮ್ಲಕ್ಕೆ ಸೋಡಾ, ಕ್ಷಾರಕ್ಕೆ ವಿನೆಗರ್ ಸುರಿದು ಸರಿದೂಗಿಸಲು ಹೋಗಬೇಡಿ. ಆ ಕ್ರಿಯೆಯಲ್ಲಿ ಹುಟ್ಟುವ ಶಾಖ ಗಾಯವನ್ನು ಹೆಚ್ಚಿಸಬಹುದು, ಹುಡುಕಾಟದಲ್ಲಿ ತೊಳೆಯುವ ಸಮಯವೂ ಕಳೆಯುತ್ತದೆ.

ಆಮ್ಲಗಳಲ್ಲಿಯೂ ಮೌನವಾದದ್ದು ಒಂದಿದೆ. ಕೆಲವು ತುಕ್ಕು ತೆಗೆಯುವ ದ್ರಾವಣಗಳಲ್ಲಿರುವ ಹೈಡ್ರೋಫ್ಲೋರಿಕ್ ಆಮ್ಲ ತೆಳುವಾಗಿದ್ದಾಗ ಹಲವು ಗಂಟೆಗಳ ಕಾಲ ನೋವನ್ನೇ ಕೊಡದಿರಬಹುದು. ಅಷ್ಟರಲ್ಲಿ ಅದು ಒಳಗಿಳಿದು ದೇಹದ ಕ್ಯಾಲ್ಸಿಯಂ ಅನ್ನು ಕಟ್ಟಿಹಾಕಿ ಹೃದಯದ ಬಡಿತವನ್ನೂ ಕೆಡಿಸಬಲ್ಲದು. ಸೀಸೆಯ ಚೀಟಿಯಲ್ಲಿ ಈ ಹೆಸರು ಕಂಡರೆ, ತಾಗಿದ ಕೂಡಲೆ ತೊಳೆದು, ಉರಿಯಿಲ್ಲದಿದ್ದರೂ ತುರ್ತು ಚಿಕಿತ್ಸೆಗೆ ಹೋಗಬೇಕು. ಅದಕ್ಕೆ ಕ್ಯಾಲ್ಸಿಯಂ ಗ್ಲುಕೋನೇಟ್ ಲೇಪನವೆಂಬ ಪ್ರತ್ಯೇಕ ಚಿಕಿತ್ಸೆಯಿದೆ.

ಐದನೆಯ ಹಂತ: ಕೈಗವಸನ್ನು ವಸ್ತುವಿಗೆ ತಕ್ಕಂತೆ ಆರಿಸಿ

ಕೈಗವಸು ತೊಟ್ಟ ಮಾತ್ರಕ್ಕೆ ಸ್ಪರ್ಶ ತಪ್ಪಿತೆಂದು ತಿಳಿಯುವುದು ತಪ್ಪು. ಅಮೆರಿಕದ ಡಾರ್ಟ್‌ಮತ್ ಕಾಲೇಜಿನ ರಸಾಯನಶಾಸ್ತ್ರ ಪ್ರಾಧ್ಯಾಪಕಿ ಕರೆನ್ ವೆಟರ್‌ಹಾನ್ ಅವರು 1996ರ ಆಗಸ್ಟ್‌ನಲ್ಲಿ ಪ್ರಯೋಗಾಲಯದಲ್ಲಿ ಕೆಲಸ ಮಾಡುವಾಗ ಡೈಮಿಥೈಲ್ ಮರ್ಕ್ಯುರಿ ಎಂಬ ಪಾದರಸದ ವಿಷಕಾರಿ ಸಂಯುಕ್ತದ ಕೆಲವು ಹನಿಗಳು ಅವರ ಲೇಟೆಕ್ಸ್ ಕೈಗವಸಿನ ಮೇಲೆ ಬಿದ್ದವು. ಕೈಗೆ ಏನೂ ಆದಂತೆ ಕಾಣಲಿಲ್ಲ. ತಿಂಗಳುಗಳ ನಂತರ ನಡಿಗೆಯಲ್ಲಿ, ಮಾತಿನಲ್ಲಿ ತೊಡಕು ಕಾಣಿಸಿಕೊಂಡಿತು. 1997ರ ಜೂನ್‌ನಲ್ಲಿ ಅವರು ತೀರಿಕೊಂಡರು. ಆ ದ್ರವ ಸೆಕೆಂಡುಗಳಲ್ಲಿ ಲೇಟೆಕ್ಸನ್ನು ದಾಟುತ್ತದೆಯೆಂಬುದು ಅನಂತರದ ಪರೀಕ್ಷೆಗಳಿಂದ ಗೊತ್ತಾಯಿತು.

ಮನೆಯಲ್ಲಿ ಅಂತಹ ದ್ರವ ಇರುವುದಿಲ್ಲ, ಆದರೆ ತತ್ತ್ವ ಅದೇ. ಬಣ್ಣ ತೆಗೆಯುವ ದ್ರಾವಕಗಳಲ್ಲಿ ಹಲವು ತೆಳುವಾದ ಕೈಗವಸನ್ನು ಬೇಗನೆ ತೂರುತ್ತವೆ, ಉಗುರುಬಣ್ಣ ತೆಗೆಯುವ ಅಸಿಟೋನ್, ನೈಟ್ರೈಲ್ ಎಂಬ ಕೃತಕ ರಬ್ಬರಿನ ಕೈಗವಸನ್ನು ಉಬ್ಬಿಸಿ ಸಡಿಲಗೊಳಿಸುತ್ತದೆ. ಯಾವ ಕೈಗವಸು ಎಂಬುದನ್ನು ಆ ರಾಸಾಯನಿಕದ ಚೀಟಿಯೇ ಹೇಳುವುದುಂಟು, ಅದನ್ನು ಓದಿ. ಕೈಗವಸಿನ ಮೇಲೆ ಚೆಲ್ಲಿದರೆ ಒರೆಸಿಕೊಂಡು ಮುಂದುವರಿಯದೆ ಕಳಚಿ ಬೇರೆಯದನ್ನು ತೊಡಿ. ಒಳಗೆ ಸೇರಿದ ದ್ರವ ಒದ್ದೆಯೆಂದು ಅನ್ನಿಸುತ್ತದೆಂದು ಕಾಯಬೇಡಿ.

ಹೆಸರೇ ಹೆದರಿಸುವ ವಸ್ತುಗಳಲ್ಲಿ ಕೆಲವು ಮುಟ್ಟಿದರೆ ಅಷ್ಟು ಕೆಡುಕು ಮಾಡವು ಎಂಬುದನ್ನೂ ಹೇಳಬೇಕು. ಒಡೆದ ಜ್ವರಮಾಪಕದ ಪಾದರಸ ಗಾಯವಿಲ್ಲದ ಚರ್ಮದ ಮೂಲಕ ಬಹಳ ಕಡಿಮೆ ಹೀರಲ್ಪಡುತ್ತದೆ; ಅಪಾಯವಿರುವುದು ಅದರ ಆವಿಯಲ್ಲಿ. ಕಿಟಕಿ ತೆರೆದು, ಚಿನ್ನದ ಉಂಗುರ ತೆಗೆದಿಟ್ಟು, ಗಟ್ಟಿ ಕಾಗದದಿಂದ ಹನಿಗಳನ್ನು ಕೂಡಿಸಿ ಮುಚ್ಚಳವಿರುವ ಸೀಸೆಗೆ ಹಾಕಬೇಕು. ಪೊರಕೆಯನ್ನಾಗಲಿ ವ್ಯಾಕ್ಯೂಮ್ ಕ್ಲೀನರನ್ನಾಗಲಿ ಬಳಸಬಾರದು. 29.8 ಡಿಗ್ರಿಯಲ್ಲಿ ಕರಗುವ ಗ್ಯಾಲಿಯಂ ಅಂಗೈಯಲ್ಲಿಯೇ ನೀರಾಗಿ ಬೂದು ಬಣ್ಣದ ಕಲೆ ಬಿಡುತ್ತದೆ, ಅಷ್ಟೇ. ಆದರೆ ಅಲ್ಯೂಮಿನಿಯಂ ಮೇಲೆ ಬಿದ್ದರೆ ಅದನ್ನು ಪುಡಿಪುಡಿಯಾಗುವಷ್ಟು ದುರ್ಬಲಗೊಳಿಸುತ್ತದೆ. ಇನ್ನು ನಾಣ್ಯ, ಬೀಗದ ಕೈ ಹಿಡಿದ ಮೇಲೆ ಅಂಗೈಯಲ್ಲಿ ಉಳಿಯುವ ಲೋಹದ ವಾಸನೆ ಲೋಹದ್ದೇ ಅಲ್ಲ. ಬೆವರಿನೊಡನೆ ಸೇರಿದ ಕಬ್ಬಿಣ ಚರ್ಮದ ಜಿಡ್ಡನ್ನು ಒಡೆದಾಗ ಹೊಮ್ಮುವ ವಾಸನೆ ಅದು, ಎಂದರೆ ನಮ್ಮದೇ ಮೈಯ ವಾಸನೆ.

ಆರನೆಯ ಹಂತ: ಅಂಟಿದ್ದನ್ನು ಎಳೆಯಬೇಡಿ, ಚುಚ್ಚಿದ್ದನ್ನು ಉಜ್ಜಬೇಡಿ

ಕ್ಷಣದಲ್ಲಿ ಅಂಟುವ ಸೂಪರ್ ಗ್ಲೂ ಗಟ್ಟಿಯಾಗಲು ಬೇಕಾದದ್ದು ತೇವ, ಅದು ಚರ್ಮದ ಮೇಲೆ ಸಿದ್ಧವಾಗಿಯೇ ಇರುತ್ತದೆ. ಬೆರಳುಗಳು ಅಂಟಿಕೊಂಡರೆ ಬೆಚ್ಚಗಿನ ಸಾಬೂನು ನೀರಿನಲ್ಲಿ ನೆನೆಸಿ, ಎಳೆಯದೆ, ಒಂದರ ಮೇಲೊಂದು ಮೆಲ್ಲನೆ ಹೊರಳಿಸಿ ಬಿಡಿಸಬೇಕು. ಉಗುರುಬಣ್ಣ ತೆಗೆಯುವ ಅಸಿಟೋನ್ ಕೂಡ ಅದನ್ನು ಸಡಿಲಿಸುತ್ತದೆ, ಆದರೆ ಕಣ್ಣು, ತುಟಿಗಳ ಬಳಿ ಅದು ಬೇಡ. ಚೆಲ್ಲಿದ ಅಂಟನ್ನು ಹತ್ತಿಯಿಂದ ಒರೆಸಬಾರದು. ಹತ್ತಿಯ ನಾರಿನಲ್ಲಿ ಅದು ಒಮ್ಮೆಲೇ ಗಟ್ಟಿಯಾಗುತ್ತಾ ಚರ್ಮವನ್ನು ಸುಡುವಷ್ಟು ಕಾಯುತ್ತದೆ.

ಶಾಖ ತಡೆಯಲು ಬಳಸುವ, ಹತ್ತಿಯಂತಿರುವ ಗ್ಲಾಸ್ ವೂಲ್ ಮುಟ್ಟಿದ ಮೇಲಿನ ತುರಿಕೆ ರಾಸಾಯನಿಕದಿಂದ ಬಂದದ್ದಲ್ಲ, ಕಣ್ಣಿಗೆ ಕಾಣದ ಗಾಜಿನ ಎಳೆಗಳು ಚುಚ್ಚಿ ಬಂದದ್ದು. ತುರಿಸಿದರೆ ಅವು ಮತ್ತೂ ಒಳಗಿಳಿಯುತ್ತವೆ. ತಣ್ಣೀರನ್ನು ಹರಿಯಬಿಟ್ಟು, ಚರ್ಮ ಒಣಗಿದ ಮೇಲೆ ಅಂಟುಪಟ್ಟಿಯನ್ನು ಹಗುರವಾಗಿ ಒತ್ತಿ ತೆಗೆದರೆ ಉಳಿದ ಎಳೆಗಳೂ ಬರುತ್ತವೆ.

ವಿದ್ಯುತ್ತಿನ ವಿಷಯದಲ್ಲಿ ಹೇಳಬೇಕಾದದ್ದು ಚಿಕ್ಕದು. ಒಣ ಹವೆಯಲ್ಲಿ ಬಾಗಿಲ ಹಿಡಿಕೆಯಿಂದ ಚಟ್ಟೆಂದು ಹಾರುವ ಕಿಡಿ ಸಾವಿರಾರು ವೋಲ್ಟಿನದಾದರೂ ಅದರಲ್ಲಿ ಹರಿಯುವ ವಿದ್ಯುತ್ತು ತೀರ ಅಲ್ಪ. ಹಿಡಿಕೆಗೆ ಮೊದಲು ಬೀಗದ ಕೈಯನ್ನು ತಾಗಿಸಿದರೆ ಕಿಡಿ ಅದರ ತುದಿಗೆ ಹಾರಿ ಬೆರಳಿಗೆ ನೋಯುವುದಿಲ್ಲ. ಮನೆಯ ತಂತಿಯ ಮಾತು ಬೇರೆ. ಅದರಲ್ಲಿ ವಿದ್ಯುತ್ತಿದೆಯೇ ಎಂದು ಅಂಗೈಯಿಂದಲ್ಲ, ಹಿಂಗೈಯಿಂದಲೂ ಮುಟ್ಟಿ ನೋಡುವಂತಿಲ್ಲ. ಅದಕ್ಕೆ ಟೆಸ್ಟರ್ ಇದೆ.

ಏಳನೆಯ ಹಂತ: ಮುಟ್ಟಿಸಿಕೊಂಡ ವಸ್ತುವನ್ನೂ ನೋಡಿ

ಬೆರಳು ಪ್ರತಿ ಸಲವೂ ಬೆವರಿನ ಉಪ್ಪನ್ನೂ ಜಿಡ್ಡನ್ನೂ ಬಿಟ್ಟುಬರುತ್ತದೆ. ಹೊಳಪು ಕೊಟ್ಟ ಕಬ್ಬಿಣದ ಮೇಲೆ ಅದು ಬೆರಳಚ್ಚಿನ ಆಕಾರದಲ್ಲಿಯೇ ತುಕ್ಕು ಹಿಡಿಸುತ್ತದೆ. ಹ್ಯಾಲೋಜನ್ ದೀಪದ ಗಾಜನ್ನು ಬರಿಗೈಯಿಂದ ಹಿಡಿದು ಹಾಕಿದರೆ ಆ ಜಾಗ ಹೆಚ್ಚು ಕಾದು ದೀಪ ಬೇಗ ಹಾಳಾಗುತ್ತದೆ. ಇಂತಹವನ್ನು ಕಾಗದದಿಂದಲೋ ಸ್ವಚ್ಛವಾದ ಬಟ್ಟೆಯಿಂದಲೋ ಹಿಡಿಯಬೇಕು. ಆಗಲೇ ಮುಟ್ಟಿದ್ದರೆ ಆಲ್ಕೋಹಾಲಿನಿಂದ ಒರೆಸಿ ಒಣಗಿಸಿ.

ಎಂಟನೆಯ ಹಂತ: ಎರಡು ಮೂರು ದಿನಗಳ ಲೆಕ್ಕ ಇಟ್ಟುಕೊಳ್ಳಿ

ಅಗ್ಗದ ಓಲೆ, ಗಡಿಯಾರದ ಕೊಂಡಿಗಳಲ್ಲಿರುವ ನಿಕಲ್, ಕೈಗವಸಿನ ರಬ್ಬರಿಗೆ ಸೇರಿಸುವ ರಾಸಾಯನಿಕಗಳು, ಸಿಮೆಂಟಿನಲ್ಲಿರುವ ಕ್ರೋಮಿಯಂ, ಗೋಡಂಬಿಯ ಹೊರಸಿಪ್ಪೆಯ ಎಣ್ಣೆ ಇವೆಲ್ಲ ಒಗ್ಗದವರಿಗೆ ಕಜ್ಜಿಯೆಬ್ಬಿಸುತ್ತವೆ, ಆದರೆ ಮುಟ್ಟಿದ ಹೊತ್ತಿನಲ್ಲಿ ಅಲ್ಲ. ದೇಹದ ರಕ್ಷಣಾ ಕೋಶಗಳು ಅಲ್ಲಿಗೆ ಬಂದು ಸೇರಲು ಸಾಮಾನ್ಯವಾಗಿ 24ರಿಂದ 72 ಗಂಟೆ ಹಿಡಿಯುತ್ತದೆ. ನಿಂಬೆ ಜಾತಿಯ ಸಿಪ್ಪೆಯ ರಸ ಸೋಕಿದ ಕೈಗೆ ಬಿಸಿಲು ಬಿದ್ದರೆ ಏಳುವ ಗುಳ್ಳೆಗಳೂ ಹೀಗೆ ಒಂದೆರಡು ದಿನ ತಡವಾಗಿಯೇ ಕಾಣುತ್ತವೆ. ಇವತ್ತು ತುರಿಕೆ ಬಂದರೆ ಇವತ್ತು ಮುಟ್ಟಿದ್ದನ್ನೇ ದೂರುವುದು ಸಹಜ, ಆದರೆ ಮೊನ್ನೆಯ ಕೆಲಸವನ್ನು ನೆನಪಿಸಿಕೊಳ್ಳುವುದು ಹೆಚ್ಚು ಉಪಯುಕ್ತ. ಗಾಯದ ಆಕಾರವೂ ಸುಳಿವು ಕೊಡುತ್ತದೆ: ಹೊಕ್ಕುಳ ಕೆಳಗಿನ ದುಂಡನೆಯ ಕೆಂಪು ಬೆಲ್ಟಿನ ಕೊಂಡಿಯನ್ನೋ ಪ್ಯಾಂಟಿನ ಗುಂಡಿಯನ್ನೋ ತೋರಿಸುತ್ತದೆ, ಮಣಿಕಟ್ಟಿನಲ್ಲಿ ಗೆರೆ ಎಳೆದಂತೆ ನಿಂತ ಕೆಂಪು ಕೈಗವಸಿನ ಅಂಚನ್ನು ತೋರಿಸುತ್ತದೆ.

ವೈದ್ಯರಲ್ಲಿಗೆ ಹೋಗುವಾಗ ಆ ವಸ್ತುವಿನ ಸೀಸೆಯನ್ನು, ಅದಾಗದಿದ್ದರೆ ಅದರ ಚೀಟಿಯ ಚಿತ್ರವನ್ನು ಒಯ್ಯಿರಿ. ಮುಟ್ಟಿದ ದಿನ, ಎಷ್ಟು ಹೊತ್ತು ಚರ್ಮದ ಮೇಲಿತ್ತು, ತೊಳೆದದ್ದು ಯಾವಾಗ ಎಂಬುದನ್ನು ಬರೆದಿಟ್ಟುಕೊಳ್ಳಿ. ಅಲರ್ಜಿಯ ಸಂದೇಹವಿದ್ದರೆ ಚರ್ಮವೈದ್ಯರು ಬೆನ್ನಿನ ಮೇಲೆ ಹಲವು ವಸ್ತುಗಳ ಚಿಕ್ಕ ಪಟ್ಟಿಗಳನ್ನು ಅಂಟಿಸಿ, 48 ಗಂಟೆಗಳ ನಂತರ ತೆಗೆದು ನೋಡುತ್ತಾರೆ, ಮತ್ತೆ ಒಂದೆರಡು ದಿನ ಬಿಟ್ಟು ಇನ್ನೊಮ್ಮೆ ನೋಡುತ್ತಾರೆ. ಪಟ್ಟಿ ತೆಗೆದ ದಿನ ಚರ್ಮ ಸ್ವಚ್ಛವಾಗಿದೆಯೆಂದು ಎರಡನೆಯ ಭೇಟಿಯನ್ನು ತಪ್ಪಿಸಬಾರದು. ಕೆಲವು ವಸ್ತುಗಳ ಕೆಂಪು ಆ ದಿನವೇ ಮೊದಲ ಬಾರಿಗೆ ಕಾಣಿಸಿಕೊಳ್ಳುತ್ತದೆ.